ಅಟ್ಟದವಳ ಮಗು

“ಬಣ್ಣ ಬಳಿಸ್ತೀಯಾ, ಬಳಿಸು. ಗಾಜಿನ ಹೆಂಚು ಹಾಕಿಸ್ತೀಯಾ, ಹಾಕಿಸು. ಮಗೂನ ಮಾತ್ರ ಅಟ್ಟದಲ್ಲಿ ಮಲಗಿಸ್ಬೇಡ ಕ್ವಿನ್. ಕೈ ಮುಗೀತೀನಿ.”

ಸುವಾಂಗ್ ಕೈ ಮುಗಿಯುವ ಸ್ಥಿತಿಯಲ್ಲೇನೂ ಇರಲಿಲ್ಲ. ಹಿತ್ತಲ ತೊಟ್ಟಿಯ ಬಳಿ ಕುಕ್ಕರಗಾಲಲ್ಲಿ ಕೂತು ಮೀನಿನ ಹುರುಪೆ ಕೆರೆಯುತ್ತಿದ್ದಳು. ಮೊಣಕೈತನಕ ಹುರುಪೆ ಅಂಟಿಕೊಂಡಿತ್ತು. ಹೇಳುವುದನ್ನು ನೆಲ ನೋಡಿಕೊಂಡೇ ಹೇಳಿ ಮತ್ತೆ ಮೀನಿಗೆ ಕೈ ಹಾಕಿದಳು.

ಕ್ವಿನ್ ತುಂಬಿದ ಬಸುರಿ. ಹೊಟ್ಟೆ ಹಿಡಿದುಕೊಂಡು ನಕ್ಕಳು.

“ನೀವು ಹುಟ್ಟಿದಾಗಿಂದ ಅಲ್ಲೇ ಮಲಗ್ತೀರಂತಲ್ಲ ಅಕ್ಕಾ! ನಿಮ್ಮನ್ನ ಯಾವ ದೆವ್ವ ಹಿಡೀತು? ಹಿಡಿದಿದ್ರೂ ನಿಮ್ಮ ಗೊರಕೆಗೆ ಹೆದರಿ ಓಡಿಹೋಗಿರ್ಬೇಕು ಬಿಡಿ.”

“ನನ್ನ ಮಾತು ಬೇರೆ.”

“ಏನು ಬೇರೆ?”

ಸುವಾಂಗ್ ಇನ್ನೊಂದು ಮೀನು ಎತ್ತಿಕೊಂಡಳು. ಕ್ವಿನ್ ಅಡುಗೆಮನೆಗೆ ಬಂದು ಗಂಡನ ಕಿವಿ ಹತ್ತಿರ ಬಾಯಿಟ್ಟಳು. “ಅಟ್ಟ ಹೋದ್ರೆ ನಿಮ್ಮಕ್ಕನ ಹಾಸಿಗೆ ಹೋಗುತ್ತೆ. ಅದಕ್ಕೇ ಈ ಕತೆ. ನಾನೇನು ಹಸುಗೂಸೇ, ಇದನ್ನೆಲ್ಲ ನಂಬೋಕೆ?”

ಖಾಯ್ ಎದ್ದು ಬಾಗಿಲ ಕಡೆ ನಡೆದ. ಅವನು ದ್ವೀಪಕ್ಕೆ ಹೋಗುವ ದೋಣಿಯ ಎಂಜಿನ್ ನೋಡಿಕೊಳ್ಳುವವನು. ಎಂಜಿನ್ ಕೆಮ್ಮಿದರೆ ಕಿವಿಗೊಡುತ್ತಾನೆ, ಮನೆಯ ಹೆಂಗಸರು ಮಾತಾಡಿದರೆ ಚಪ್ಪಲಿ ಹುಡುಕುತ್ತಾನೆ. ಅವತ್ತು ಅವನು ಬಾಯಿ ಬಿಟ್ಟಿದ್ದರೆ ಇದೆಲ್ಲ ಆಗುತ್ತಿರಲಿಲ್ಲ. ಬಿಡಲಿಲ್ಲ, ಪುಣ್ಯಾತ್ಮ.

ಹೊಯ್ ಆನ್‌ನ ನಮ್ಮ ಬೀದಿಯಲ್ಲಿ ಅಟ್ಟವಿಲ್ಲದ ಮನೆ ಇಲ್ಲ. ಹತ್ತನೆಯ ತಿಂಗಳು ಬಂತೆಂದರೆ ಹೊಳೆ ಹೇಳದೆ ಕೇಳದೆ ಒಳಗೆ ಬರುತ್ತದೆ. ಆಗ ಚಾವಣಿಯ ಕಿಂಡಿ ತೆರೆದು, ಅಕ್ಕಿ ಮೂಟೆ, ಬಟ್ಟೆ ಗಂಟು, ಹಿರಿಯರ ಪಟ ಎಲ್ಲವನ್ನೂ ಹಗ್ಗ ಕಟ್ಟಿ ಮೇಲೆಳೆದುಕೊಳ್ಳುತ್ತೇವೆ. ಕಡೆಗೆ ನಾವೂ ಏರುತ್ತೇವೆ. ಖಾಯ್ ಮನೆಯವರದು ಮಾತ್ರ ತಲೆಮಾರಿನಿಂದ ವಿಚಿತ್ರ ನಡೆ. ಸಾಮಾನು ಅವರ ಅಟ್ಟಕ್ಕೆ, ಮಕ್ಕಳು ಎದುರುಮನೆಯವರಾದ ನಮ್ಮ ಅಟ್ಟಕ್ಕೆ. ನಾವು ಯಾಕೆಂದು ಕೇಳಿದವರಲ್ಲ, ಅವರು ಹೇಳಿದವರೂ ಅಲ್ಲ.

ಕ್ವಿನ್ ಸೈಗಾನಿನವಳು. ಅಲ್ಲಿ ಮಕ್ಕಳ ಕೋಣೆಯ ಸಾಮಾನು ಮಾರುವ ದೊಡ್ಡ ಅಂಗಡಿಯಲ್ಲಿ ಕೆಲಸಕ್ಕಿದ್ದಳು. ಬೇರೆಯವರ ಮಕ್ಕಳಿಗೆ ಮೋಡದ ಚಿತ್ರದ ಗೋಡೆ, ಚಂದ್ರನ ಆಕಾರದ ದೀಪ ಆರಿಸಿಕೊಟ್ಟು ಕೊಟ್ಟು ಅವಳ ಮನಸ್ಸಿನಲ್ಲೊಂದು ಕೋಣೆ ಬೆಳೆದು ನಿಂತಿತ್ತು. ಮೊದಲ ಬಸುರು ನಿಲ್ಲದೆ ಹೋಗಿತ್ತು. ಆಗ ಸುರಿದ ಕಣ್ಣೀರಿಗೆ ಲೆಕ್ಕವಿಲ್ಲ. ಈ ಸಲದ್ದು ನಿಂತಿದೆ, ಒದೆಯುತ್ತಿದೆ. ಈ ಮಗುವಿಗೆ ತನ್ನದೇ ಕೋಣೆ ಬೇಕೇ ಬೇಕು ಎಂಬ ಹಟ ಅವಳದು. ಕೆಳಗಡೆ ಮುಂದೆ ಅಂಗಡಿ, ಹಿಂದೆ ಅಡುಗೆಮನೆ, ನಡುವೆ ಕತ್ತಲು. ಉಳಿದದ್ದು ಅಟ್ಟವೊಂದೇ. ಅವಳ ಆಸೆ ತಪ್ಪೆಂದು ನಾನು ಇವತ್ತಿಗೂ ಹೇಳುವುದಿಲ್ಲ.

ಬಸುರಿಯಿರುವ ಮನೆಯಲ್ಲಿ ಮೊಳೆ ಹೊಡೆಯಬಾರದು, ಹೊಟ್ಟೆಯೊಳಗಿನ ಕೂಸು ಬೆಚ್ಚುತ್ತದೆ ಎಂದು ಬೀದಿಯ ಮುದುಕಿಯರು ಬಂದು ಹೇಳಿದರು. ಕ್ವಿನ್ ಅವರಿಗೆ ಟೀ ಕೊಟ್ಟು, ನಗುತ್ತ ಸಾಗಹಾಕಿದಳು. ಮಾರನೆಯ ದಿನವೇ ಹೊಳೆಯಾಚೆಯಿಂದ ಬಡಗಿ ವಿಯೆನ್ ಬಂದ.

ವಿಯೆನ್‌ಗೆ ಅರವತ್ತರ ಮೇಲೆ. ಕೆಲಸಕ್ಕಿಂತ ಬಾಯಿ ಜಾಸ್ತಿ. ಮರ ಕೀಸುವ ತೋಪಡ ಎರಡು ಸಲ ಎಳೆದರೆ ಮೂರು ಸುದ್ದಿ ಹೇಳುತ್ತಿದ್ದ. ಆದರೂ ಕೋಣೆ ಏಳುತ್ತ ಬಂತು. ಏಣಿಯ ಜಾಗದಲ್ಲಿ ಕಟಕಟೆಯಿರುವ ಮೆಟ್ಟಿಲು ಬಂತು. ಕಿಂಡಿಗೆ ಮಗು ಬೀಳದಂತೆ ಬಾಗಿಲು ಬಂತು. ಬೀದಿ ಕಡೆಗೆ ಕಿಟಕಿ ತೆರೆಯಿತು. ಸುವಾಂಗ್‌ಳ ಚಾಪೆ, ದಿಂಬು, ಪುಟ್ಟ ತಗಡಿನ ಪೆಟ್ಟಿಗೆ, ಎಲ್ಲ ಕೆಳಗಿಳಿದು ಅಡುಗೆಮನೆ ಮೂಲೆ ಸೇರಿದವು. ಆದರೆ ಪ್ರತಿ ಸಂಜೆ ವಿಯೆನ್ ಕೈ ತೊಳೆದು ಹೊರಟ ಮೇಲೆ, ಸುವಾಂಗ್ ಒಂದು ಬಟ್ಟಲು ಗಂಜಿ ಹಿಡಿದು ಮೇಲೆ ಹೋಗುತ್ತಿದ್ದಳು. ಬರುವಾಗ ಬಟ್ಟಲು ಖಾಲಿ.

“ಅಲ್ಲಿ ಯಾರಿಗೆ ಗಂಜಿ?” ಎಂದು ಕ್ವಿನ್ ಒಮ್ಮೆ ಕೇಳಿದಳು.

“ಇಲಿಗೆ,” ಎಂದಳು ಸುವಾಂಗ್.

ಕ್ವಿನ್ ಅಂದಿನಿಂದ ಗಮನಿಸತೊಡಗಿದಳು. ಸುವಾಂಗ್ ತನ್ನ ಹೊಟ್ಟೆಯನ್ನು ನೋಡುವ ರೀತಿ. ಸಾರು ಬಡಿಸುವಾಗ ಬೆನ್ನು ತಿರುಗಿಸುವ ರೀತಿ. ಮದುವೆಯಿಲ್ಲ, ಮಕ್ಕಳಿಲ್ಲ, ನಲವತ್ತು ದಾಟಿದೆ. ಇಂಥವಳ ಕಣ್ಣು ಬಸುರಿಯ ಮೇಲೆ ಬಿದ್ದರೆ ಒಳ್ಳೆಯದಾಗುತ್ತದೆಯೇ? ಮಾಟ ಮಂತ್ರವನ್ನೇ ನಂಬದವಳು ಗಂಡನ ಅಕ್ಕನ ಹೊಟ್ಟೆಕಿಚ್ಚನ್ನು ಮಾತ್ರ ಪೂರ್ತಿ ನಂಬಿದಳು. ಸಾರನ್ನು ಬೆಕ್ಕಿಗೆ ಮೊದಲು ಹಾಕಿ, ಬೆಕ್ಕು ಸಾಯದ್ದನ್ನು ನೋಡಿ ತಿನ್ನುವ ಅಭ್ಯಾಸ ಮಾಡಿಕೊಂಡಳು.

ಗಾಜಿನ ಹೆಂಚು ಕೂರಿಸುವ ದಿನ ವಿಯೆನ್ ಸೂರಿನ ನೆತ್ತಿತೊಲೆಯತನಕ ಏರಿದ್ದ. ನಟ್ಟನಡು ಮಧ್ಯಾಹ್ನ. ಹೆಂಚಿನ ಕಾವಿಗೆ ಅಟ್ಟ ಒಲೆಯಾಗಿತ್ತು. ಹಳೆಯ ಹಲಸಿನ ಮರದ ಸಿಹಿ ವಾಸನೆ, ಬಾವಲಿ ಹಿಕ್ಕೆಯ ನಾತ. ಟಕ್, ಟಕ್ ಎನ್ನುತ್ತಿದ್ದ ಸುತ್ತಿಗೆ ತಟ್ಟನೆ ನಿಂತಿತು.

“ಅಯ್ಯಯ್ಯೋ,” ಎಂದ ವಿಯೆನ್, ಮೇಲಿನಿಂದ.

“ಏನಾಯ್ತು ದೊಡ್ಡಪ್ಪ? ಹಾವಾ?”

“ಹಾವಾಗಿದ್ರೆ ಚೆನ್ನಾಗಿತ್ತಮ್ಮ.”

ತೊಲೆಯ ಬೆನ್ನಿನಲ್ಲಿ ಕೊರೆದ ಒಂದು ಗೂಡು. ಅದರೊಳಗೆ ಅಂಗೈಯಷ್ಟು ಎತ್ತರದ ಮರದ ಹೆಂಗಸು. ಮುಖ ಸವೆದು ಹೋಗಿತ್ತು. ಎರಡು ತೋಳುಗಳು ಮಾತ್ರ ನಿನ್ನೆ ಕೆತ್ತಿದಷ್ಟು ಸ್ಪಷ್ಟ. ಎದೆಯ ಮುಂದೆ ಬಳಸಿದ ತೋಳುಗಳು, ಕೂಸನ್ನು ಎತ್ತಿಕೊಂಡವಳ ಹಾಗೆ. ತೋಳುಗಳ ನಡುವೆ ಏನೂ ಇರಲಿಲ್ಲ.

ವಿಯೆನ್ ಅದನ್ನು ಮುಟ್ಟಲಿಲ್ಲ. ಸರಸರ ಇಳಿದು ಬಂದು ಉಪಕರಣಗಳನ್ನು ಚೀಲಕ್ಕೆ ತುಂಬತೊಡಗಿದ.

“ಇದು ನಮ್ಮೋರದ್ದೇ ಕೆಲಸ. ಬಡಗಿ ಮಾಟ. ನಮ್ಮ ಅಜ್ಜಂದಿರು ಹೇಳೋರು, ನಾನು ಸುಳ್ಳು ಅಂದ್ಕೊಂಡಿದ್ದೆ. ಈ ಮನೆ ಕಟ್ಟೋವಾಗ ನೆರೆ ಬಂತಂತೆ. ಬಡಗಿ ಹೆಂಡ್ತಿ ಜ್ವರದ ಕೂಸನ್ನ ಎತ್ಕೊಂಡು ಬಂದು, ಅಟ್ಟದಲ್ಲಿ ಒಂದಿಷ್ಟು ಜಾಗ ಕೊಡಿ ಅಂದ್ಲಂತೆ. ದಾಲ್ಚಿನ್ನಿ ಮೂಟೆ ತುಂಬಿದೀವಿ, ಜಾಗ ಇಲ್ಲ ಅಂದ್ರಂತೆ ಯಜಮಾನರು. ಕೂಸು ಮಳೇಲಿ ದೋಣಿ ಮೇಲೇ ಹೋಯ್ತು. ಅದರ ಹಿಂದೆ ಅವಳೂ ಹೋದ್ಲು. ಗಂಡ ಒಂದು ಮಾತಾಡಲಿಲ್ಲ. ನೆರೆ ಇಳಿದ ಮೇಲೆ ಬಂದು ಸೂರು ಮುಗಿಸ್ಕೊಟ್ಟು ಹೋದ.”

“ಮುಗಿಸ್ಕೊಟ್ಟನಲ್ಲ, ಮತ್ತೇನು?”

“ಅವಳನ್ನ ಮೇಲಿಟ್ಟು ಹೋದ ಕಣಮ್ಮಾ! ಯಾವ ಅಟ್ಟದಲ್ಲಿ ಜಾಗ ಇಲ್ಲ ಅಂದ್ರೋ ಅದೇ ಅಟ್ಟದಲ್ಲಿ. ಅಲ್ಲಿ ಮಲಗಿದ ಕೂಸು ಅವಳದು. ನಾನು ಬರ್ತೀನಿ. ಕೂಲಿ ಕೊಡದಿದ್ರೂ ಪರವಾಗಿಲ್ಲ.”

ಕ್ವಿನ್ ಅವನ ಮಾತಿಗೆ ಹೆದರಲಿಲ್ಲ. ಅವನು ಬಿಟ್ಟುಹೋದ ಏಣಿಯನ್ನು ಮೆಲ್ಲಗೆ ಹತ್ತಿ ಗೊಂಬೆಯನ್ನು ತಾನೇ ತೆಗೆದಳು, ಅವಳ ಕಣ್ಣು ಅದರ ಬಾಯಿಯ ಮೇಲೆ ನಿಂತಿತು. ಅಲ್ಲಿ ಗಂಜಿ ಮೆತ್ತಿತ್ತು. ಇನ್ನೂ ಹಸಿ. ಗೊಂಬೆಯ ಸೊಂಟಕ್ಕೆ ಸುತ್ತಿದ್ದ ಬಟ್ಟೆಯನ್ನೂ ಗುರುತು ಹಿಡಿದಳು. ನೀಲಿ ಹೂವಿನ ಬಟ್ಟೆ. ಸುವಾಂಗ್‌ಳ ಹಳೆಯ ರವಿಕೆಯದು.

ಮಾಟ ಹಳೆಯದಾದರೆ ಗಂಜಿ ಹೊಸದೇಕೆ?

ಸಂಜೆ ಮನೆ ರಣರಂಗವಾಯಿತು. ಕ್ವಿನ್ ಗೊಂಬೆಯನ್ನು ಊಟದ ಮೇಜಿನ ಮೇಲೆ ಕುಕ್ಕಿದಳು. “ಇಲಿಗೆ ಗಂಜಿ ಅಂದ್ರಲ್ಲ! ಇದೇನಾ ನಿಮ್ಮ ಇಲಿ? ನನ್ನ ಹೊಟ್ಟೆ ಮೇಲೆ ಮಾಟ ಮಾಡ್ತಾ ಇದೀರಾ? ನಿಮಗೇನು ಅನ್ಯಾಯ ಮಾಡಿದೆ ನಾನು?”

ಸುವಾಂಗ್ ಗೊಂಬೆ ನೋಡಿದ್ದೇ ಬಿಳಿಚಿಕೊಂಡಳು. “ಕೆಳಗೆ ತಂದ್ಯಾ? ಅಯ್ಯೋ ಹುಚ್ಚಿ. ಮೊದಲು ಮೇಲಿಡು.”

“ಉತ್ತರ ಕೊಡಿ.”

ಸುವಾಂಗ್ ತಮ್ಮನ ಕಡೆ ನೋಡಿದಳು. ಅವನು ನೆಲ ನೋಡುತ್ತಿದ್ದ. ಕಡೆಗೆ ಅವಳೇ ಹೇಳಿದಳು, ಹಿಟ್ಟು ಕೇಳುವವಳಷ್ಟು ಸಾಧಾರಣ ದನಿಯಲ್ಲಿ.

“ನಾನು ಎಳೆಗೂಸಾಗಿದ್ದಾಗ ದೊಡ್ಡ ನೆರೆ ಬಂತು. ಬೀದಿ ದಾಟೋಕೆ ಆಗ್ಲಿಲ್ಲ, ಅಮ್ಮ ನನ್ನ ಎತ್ಕೊಂಡು ನಮ್ಮ ಅಟ್ಟಕ್ಕೇ ಹತ್ತಿದ್ಲು. ನನಗಿಂತ ಮುಂಚಿನ ಎರಡು ಕೂಸು ಅಲ್ಲೇ ಹೋಗಿದ್ವು. ಅವಳಿಗೆ ಗೊತ್ತಿತ್ತು. ಕೊಡದ ಮಗೂನ ಅಟ್ಟದವಳು ಕಿತ್ಕೋತಾಳೆ. ಕೊಟ್ಟರೆ ಸಾಕ್ತಾಳೆ. ಅಮ್ಮ ಬಾಯಿಬಿಟ್ಟು ಹೇಳಿದ್ಲು, ಇದು ನಂದಲ್ಲ, ನಿಂದು ಅಂತ. ಅದಕ್ಕೇ ನಾನು ಬದುಕಿದೀನಿ. ಅದಕ್ಕೇ ಅಮ್ಮ ಸಾಯೋತನಕ ನಾನು ಅವಳನ್ನ ಚಿಕ್ಕಮ್ಮ ಅಂತಿದ್ದೆ. ಮಗಳು ಇರೋತನಕ ಆಕೆಗೆ ಇನ್ನೊಂದು ಮಗು ಬೇಡ. ಆದ್ರೆ ನಾನು ಮೇಲೆ ಮಲಗ್ಬೇಕು, ಸಂಜೆ ಗಂಜಿ ಇಡ್ಬೇಕು. ಅಷ್ಟೇ.”

ನಮ್ಮಲ್ಲಿ ಕೂಸು ಬದುಕಲೆಂದು ಸುಳ್ಳುಸುಳ್ಳೇ ಬೇರೆಯವರಿಗೆ ಮಾರುವುದುಂಟು. ಹೆತ್ತವಳನ್ನು ಚಿಕ್ಕಮ್ಮ ಎನ್ನುವ ಮಕ್ಕಳು ಬೀದಿಗೊಬ್ಬರಿದ್ದಾರೆ. ಹಾಗಾಗಿ ಸುವಾಂಗ್ ಹಾಗೆ ಕರೆಯುತ್ತಿದ್ದುದು ನಮಗೆ ಯಾರಿಗೂ ವಿಶೇಷವೆನಿಸಿರಲಿಲ್ಲ. ಕೊಂಡವಳು ಯಾರೆಂದು ಮಾತ್ರ ಕೇಳಿರಲಿಲ್ಲ.

ಕ್ವಿನ್ ಜೋರಾಗಿ ಚಪ್ಪಾಳೆ ತಟ್ಟಿದಳು. “ಭೇಷ್! ಹಾಸಿಗೆ ಬಿಟ್ಟುಕೊಡಬಾರದು ಅಂತ ಎಷ್ಟು ಚೆನ್ನಾಗಿ ಹೆಣೆದಿದೀರಾ.” ಗಂಡನ ಕಡೆ ತಿರುಗಿದಳು. “ಈ ಮನೇಲಿ ಅವರಿರ್ಲಿ, ಇಲ್ಲ ನಾನಿರ್ತೀನಿ. ಇವತ್ತೇ ಹೇಳಿ.”

ಖಾಯ್ ಅಕ್ಕನ ಮುಖ ನೋಡದೆ ಹೇಳಿದ. “ಹೆರಿಗೆ ಆಗೋತನಕ ಹೊಳೆಯಾಚೆ ಸೋದರಮಾವನ ಮನೇಲಿರು ಅಕ್ಕ.”

ಸುವಾಂಗ್ ಅಳುತ್ತಾಳೆ, ಕೂಗಾಡುತ್ತಾಳೆ ಎಂದು ನಾವೆಲ್ಲ ಕಿವಿ ನಿಮಿರಿಸಿ ಕೂತಿದ್ದೆವು. ಅವಳು ಮೂಲೆಯ ಚಾಪೆ ಸುತ್ತಿದಳು. ಪೆಟ್ಟಿಗೆ ತಲೆಯ ಮೇಲಿಟ್ಟುಕೊಂಡು ಹೊಸ್ತಿಲು ದಾಟಿದಳು. ಬೀದಿಯಲ್ಲಿ ನಿಂತು ಒಮ್ಮೆ ದೀರ್ಘವಾಗಿ ಉಸಿರೆಳೆದುಕೊಂಡಳು. ಅವಳ ಮುಖದಲ್ಲಿ ಆಗ ಕಂಡದ್ದು ದುಃಖವಾಗಿರಲಿಲ್ಲ, ನಾನು ಆಣೆ ಮಾಡಿ ಹೇಳಬಲ್ಲೆ.

ಗೊಂಬೆಯನ್ನು ಕ್ವಿನ್ ಅವತ್ತೇ ಒಲೆಗೆ ಹಾಕಿದಳು. ಮರ ಚಟಪಟ ಎನ್ನಲಿಲ್ಲ. ಹಾಲು ಉಕ್ಕಿ ಸೀದ ವಾಸನೆ ಮನೆಯನ್ನೆಲ್ಲ ತುಂಬಿತು. ಸುದ್ದಿ ಕೇಳಿದ ವಿಯೆನ್ ಸಂತೆಯಲ್ಲಿ ತಲೆ ಚಚ್ಚಿಕೊಂಡನಂತೆ. “ಗೊಂಬೆ ಅಂದ್ರೆ ಅವಳಲ್ಲವೋ! ಅವಳು ಕೂರೋ ಮಣೆ ಅದು. ಮಣೆ ಸುಟ್ಟರೆ ಎದ್ದು ಓಡಾಡ್ತಾಳೆ.”

ಬೇರೊಬ್ಬ ಬಡಗಿ ಬಂದು ಕೆಲಸ ಮುಗಿಸಿದ. ಗಂಡುಮಗು ಹುಟ್ಟಿತು. ಚೆಂದದ ಕೂಸನ್ನು ಚೆಂದ ಎನ್ನಬಾರದು. ನಾವು ಅದಕ್ಕೆ ಕಪ್ಪೆ ಎಂದು ಹೆಸರಿಟ್ಟೆವು. ತಿಂಗಳು ತುಂಬುವತನಕ ಬಾಣಂತಿ ಕೆಳಗೇ, ಮಂಚದ ಕೆಳಗಿನ ಕೆಂಡದ ಮಡಕೆಯ ಕಾವಿನಲ್ಲಿ ಬೈದುಕೊಂಡು ಬೆವರುತ್ತ ಮಲಗಿದಳು. ತಿಂಗಳ ಶಾಸ್ತ್ರ ಮುಗಿದದ್ದೇ ತಡ, ಮಗುವನ್ನೆತ್ತಿಕೊಂಡು ಮೇಲೆ ಹೋದಳು.

ಕೋಣೆ ಚೆನ್ನಾಗಿತ್ತು, ಸುಳ್ಳು ಹೇಳಬಾರದು. ಎಳೆ ಹಳದಿ ಗೋಡೆ. ಗಾಜಿನ ಹೆಂಚಿನಿಂದ ತೊಟ್ಟಿಲ ಮೇಲೆ ಬೀಳುವ ಬೆಳಕು. ನೋಡಲು ಹೋದವರೆಲ್ಲ ಬಾಯಿ ತೆರೆದು ನಿಂತೆವು. ಮಗು ಅಂಗಾತ ಮಲಗಿ ನೆತ್ತಿತೊಲೆಯನ್ನೇ ನೋಡುತ್ತಿತ್ತು. ಎಡಕ್ಕೆ ಗಿಲಕಿ ಆಡಿಸಿದರೂ ನೋಡದು, ಬಲಕ್ಕೆ ಚಿಟಿಕೆ ಹೊಡೆದರೂ ನೋಡದು.

ಸ್ವಲ್ಪ ದಿನದಲ್ಲೇ ಕಪ್ಪೆ ತಾಯಿಯ ಮೊಲೆ ಬಿಟ್ಟಿತು. ಬಾಯಿಗಿಟ್ಟರೆ ಮುಖ ತಿರುಗಿಸುತ್ತಿತ್ತು. ಬಾಟಲಿಯೂ ಬೇಡ. ಡಾಕ್ಟರು ತೂಕ ನೋಡಿ ನಕ್ಕರು. “ಮೈ ತುಂಬಿಕೊಳ್ತಾ ಇದೆಯಲ್ಲಮ್ಮ, ಇನ್ನೇನು ಬೇಕು?” ನಿಜ. ಹಾಲು ಕುಡಿಯದ ಮಗು ದಿನದಿನಕ್ಕೆ ಕೊಬ್ಬುತ್ತಿತ್ತು. ತುಟಿಯಂಚಿನಲ್ಲಿ ಯಾವಾಗಲೂ ಬೆಳ್ಳಗೆ ಏನೋ ಒಣಗಿರುತ್ತಿತ್ತು. ಕ್ವಿನ್ ಮೂಸಿ ನೋಡಿದಳು. ಈಗ ತಾನೇ ಕುಯ್ದ ಮರದ ಹೊಟ್ಟಿನ ವಾಸನೆ.

ಯಾರೋ ಉಣಿಸುತ್ತಿದ್ದಾರೆ. ನನ್ನ ಮಗುವಿಗೆ ಯಾರೋ ಉಣಿಸುತ್ತಿದ್ದಾರೆ.

ಯಾರೆಂದು ಅವಳಿಗೆ ಸಂಶಯವೇ ಇರಲಿಲ್ಲ. ಸುವಾಂಗ್. ಕದ್ದು ಬರುತ್ತಿದ್ದಾಳೆ. ಮಗುವನ್ನು ಒಲಿಸಿಕೊಳ್ಳುತ್ತಿದ್ದಾಳೆ. ಕ್ವಿನ್ ಹಿತ್ತಲ ಬಾಗಿಲಿಗೆ ಹೊಸ ಬೀಗ ಹಾಕಿಸಿದಳು. ಗಂಡನ ಜೇಬು ತಡಕಿ, ಬೀಗದ ಕೈ ಅಕ್ಕನಿಗೆ ಕೊಟ್ಟೆಯಾ ಎಂದು ಜಗಳ ತೆಗೆದಳು. ನಮ್ಮ ಮನೆಯ ಮೇಲೂ ಗುಮಾನಿ. ನಾವು ಸುವಾಂಗ್ ಕಡೆಯವರಂತೆ, ನಮ್ಮ ಸೂರಿನಿಂದ ಹಲಗೆ ಹಾಕಿ ಅವಳನ್ನು ದಾಟಿಸುತ್ತೇವಂತೆ. ಮಾತು ಬಿಟ್ಟಳು. ಮೆಟ್ಟಿಲ ಮೇಲೆಲ್ಲ ಅಕ್ಕಿಹಿಟ್ಟು ಉದುರಿಸಿ, ಕೆಳಗೆ ಕಾದು ಕೂತಳು. ಮಗು ಮೇಲೆ ಕೇಕೆ ಹಾಕಿ ನಗುತ್ತಿತ್ತು. ಹೋಗಿ ನೋಡಿದರೆ ಹಿಟ್ಟಿನ ಮೇಲೆ ಒಂದು ಗುರುತೂ ಇಲ್ಲ. ತೊಟ್ಟಿಲು ತೂಗುತ್ತಿತ್ತು. ಕೂಸಿನ ಕೂದಲಿನಲ್ಲಿ ತೋಪಡದಿಂದ ಬಿದ್ದಂಥ ತೆಳ್ಳನೆಯ ಮರದ ಸುರುಳಿ.

ಅಷ್ಟು ಕಂಡ ಮೇಲೂ ಅವಳಿಗೆ ಹೊಳೆದದ್ದು ಒಂದೇ: ಸುವಾಂಗ್ ಸೂರಿನ ಕಡೆಯಿಂದ ಬರುತ್ತಿದ್ದಾಳೆ. ಗಾಜಿನ ಹೆಂಚಿನ ಸುತ್ತ ಮುಳ್ಳುತಂತಿ ಹೊಡೆಸಿದಳು.

ಆ ವರ್ಷ ನೆರೆ ಬೇಗ ಬಂತು. ಬೆಳಿಗ್ಗೆ ಪಾದ ಮುಳುಗುವಷ್ಟಿದ್ದ ನೀರು ಮಧ್ಯಾಹ್ನಕ್ಕೆ ಕಿಟಕಿ ಮುಟ್ಟಿತು. ಆಕಾಶ ಕೆಳಗಿಳಿದು ಹಗಲೇ ಕತ್ತಲಾಯಿತು. ನಾವು ನಮ್ಮ ಅಟ್ಟದ ಕಿಟಕಿಯಿಂದ ಕೂಗಿದೆವು. “ಕ್ವಿನ್! ಹಗ್ಗ ಎಸೀತೀವಿ, ಮಗೂನ ಕಟ್ಟಿ ಈ ಕಡೆ ಕಳಿಸು! ನೀನೂ ಬಾ!”

“ನನಗೂ ಅಟ್ಟ ಇದೆ!” ಎಂದು ಕೂಗಿ ಕಿಟಕಿ ಹಾಕಿಕೊಂಡಳು.

ಖಾಯ್ ಬೆಳಿಗ್ಗೆಯೇ ದೋಣಿ ಭದ್ರಪಡಿಸಲು ಹೋದವನು. ಮನೆಯಲ್ಲಿ ಅವಳೊಬ್ಬಳೇ. ನೀರು ಮೆಟ್ಟಿಲೇರುತ್ತ ಬರುತ್ತಿರುವುದು ಅವಳಿಗೆ ಕೇಳುತ್ತಿತ್ತು. ಕೆಳಗೆ ಪಾತ್ರೆಗಳು ತೇಲಿ ಗೋಡೆಗೆ ತಾಗುವ ಸದ್ದು. ಹೆಂಚಿನ ಮೇಲೆ ಮಳೆಯ ಸದ್ದು. ಇವೆರಡರ ನಡುವೆ ಮೂರನೆಯ ಸದ್ದೊಂದು. ಗರಗರ. ಗರಗರ. ಗರಗಸ ಎಳೆದಂತೆ ನಿಧಾನ. ಕಿವಿಗೊಟ್ಟಳು. ಅದು ಗರಗಸವಲ್ಲ. ಜೋಗುಳ.

ಆ... ಓಯ್... ಆ... ಓಯ್...

ಮಗು ತೊಟ್ಟಿಲಿನಿಂದ ಎರಡೂ ಕೈ ಮೇಲೆತ್ತಿತು. ಎತ್ತಿಕೋ ಎಂದು.

ಕ್ವಿನ್ ಮೇಲೆ ನೋಡಿದಳು. ನೆತ್ತಿತೊಲೆಯ ಉದ್ದಕ್ಕೂ ಏನೋ ಮಲಗಿತ್ತು. ತೊಲೆಯದೇ ಬಣ್ಣ. ಅದು ಹೊರಳಿತು. ಹೊಸದಾಗಿ ಕೀಸಿದ ಮರದಂಥ ಎರಡು ತೋಳುಗಳು ಮೆಲ್ಲಗೆ ಕೆಳಗಿಳಿದವು. ಮೊಣಕೈ ಇಲ್ಲದ ತೋಳುಗಳು. ಉದ್ದ. ಇನ್ನೂ ಉದ್ದ.

ಮಗುವನ್ನು ಬಾಚಿಕೊಂಡಳು. ಕಿಟಕಿಗೆ ಓಡಿದಳು. ಅಗುಳಿ ಕಿತ್ತಳು.

ಕಿಟಕಿಯ ಕೆಳಗೆ ಒಂದು ದೋಣಿ. ಚುಕ್ಕಾಣಿ ಹಿಡಿದು ಖಾಯ್. ಅವನ ಮುಂದೆ, ಮಳೆಯಲ್ಲಿ ತೊಯ್ದು ನಿಂತವಳು ಸುವಾಂಗ್. ಮೆಟ್ಟಿಲ ಮೇಲಿನ ಹಿಟ್ಟು ನೋಡಿದ ದಿನವೇ ಅವನಿಗೆ ಎಲ್ಲ ತಿಳಿದುಹೋಗಿತ್ತಂತೆ. ಅಕ್ಕನನ್ನು ಕರೆತರಲು ಧೈರ್ಯ ಬಂದದ್ದು ಮಾತ್ರ ಇವತ್ತು.

“ಹಿಡ್ಕೊಳ್ಳಿ! ಮಗೂನ ಹಿಡ್ಕೊಳ್ಳಿ!” ಕ್ವಿನ್ ಕೂ‌ಸನ್ನು ಹೊರಗೆ ಚಾಚಿದಳು.

ಕಿಟಕಿ ದಾಟಿದ್ದೇ ಮಗು ನೀಲಿಯಾಯಿತು. ಉಸಿರಿಲ್ಲ. ಕುತ್ತಿಗೆ ವಾಲಿತು. ಒಳಗೆಳೆದುಕೊಂಡಳು. ಕೂಸು ಕೊಸರಿ ಉಸಿರೆಳೆದುಕೊಂಡಿತು. ಮತ್ತೆ ಚಾಚಿದಳು. ಮತ್ತೆ ನೀಲಿ. ಹಿಂದಿನಿಂದ ಏನೋ ಮಗುವಿನ ಸೊಂಟ ಹಿಡಿದು ಎಳೆಯುತ್ತಿತ್ತು. ಹಗುರವಾಗಿ. ಬಿಡದೆ. ಎಳೆಯ ಎಲುಬು ಕಿರುಗುಟ್ಟಿದ್ದು ಅವಳ ಕೈಗೆ ಗೊತ್ತಾಯಿತು.

“ಎಳೀಬೇಡ್ವೇ!” ಸುವಾಂಗ್ ಚೀರಿದಳು. “ಇಬ್ಬರೂ ಎಳೆದ್ರೆ ಹರಿದುಹೋಗುತ್ತೆ ಕೂಸು!”

“ಅಕ್ಕಾ, ಒಳಗೆ ಬನ್ನಿ!” ಕ್ವಿನ್ ಅಳುತ್ತ ಒಂದು ಕೈ ಚಾಚಿದಳು. “ನೀವು ಬಂದ್ರೆ ಬಿಡ್ತಾಳೆ. ನೀವಿದ್ರೆ ಆಕೆಗೆ ಇನ್ನೊಂದು ಬೇಡ ಅಂದ್ರಲ್ಲ! ತಪ್ಪಾಯ್ತು. ನಿಮ್ಮ ಕಾಲು ಹಿಡೀತೀನಿ. ಬನ್ನಿ ಅಕ್ಕಾ!”

ಖಾಯ್ ದೋಣಿಯನ್ನು ಗೋಡೆಗೆ ಒತ್ತಿ ಹಿಡಿದ. ಕಿಟಕಿ ಸುವಾಂಗ್‌ಳ ಸೊಂಟಮಟ್ಟಕ್ಕಿತ್ತು. ಒಂದು ಕಾಲು ಎತ್ತಿಟ್ಟರೆ ಸಾಕು. ನಮ್ಮ ಅಟ್ಟದಿಂದ ನಾವೆಲ್ಲ ನೋಡುತ್ತಿದ್ದೆವು. ಅವಳು ಕಿಟಕಿಯ ಚೌಕಟ್ಟಿಗೆ ಕೈಯಿಟ್ಟಳು. ಒಳಗಿನ ಜೋಗುಳ ನಿಂತಿತು. ತಾಯಿ ಮಗಳ ಹೆಜ್ಜೆಗೆ ಕಿವಿಗೊಟ್ಟಂತೆ ಇಡೀ ಅಟ್ಟ ಮೌನವಾಯಿತು.

ಸುವಾಂಗ್ ಕೈ ತೆಗೆದಳು.

“ಇಲ್ಲ ಕ್ವಿನ್.”

“ಅಕ್ಕಾ!” ಎಂದ ಖಾಯ್.

“ಸುಮ್ನಿರೋ. ಹುಟ್ಟಿದಾಗಿಂದ ಆ ತೊಲೆ ಕೆಳಗೆ ಮಲಗಿದೀನಿ. ಒಬ್ಬ ಗಂಡಸೂ ನನ್ನ ಕಟ್ಕೊಳ್ಲಿಲ್ಲ, ಕೇಳ್ಕೊಂಡು ಬಂದವರನ್ನ ಆಕೆ ಹೆದರಿಸಿ ಕಳಿಸಿದ್ಲು. ಹೆತ್ತಮ್ಮನ ಹೆಣದ ಮುಂದೆ ಚಿಕ್ಕಮ್ಮಾ ಅಂತ ಅತ್ತೆ. ನಾನಾಗೇ ಬಿಟ್ಟು ಬರೋ ಹಾಗಿರ್ಲಿಲ್ಲ. ನೀವು ಹೊರಗೆ ಹಾಕಿದ್ರಿ. ಹಾಕಿಸ್ಕೊಂಡೆ.” ಕಣ್ಣಿಗಿಳಿದ ಮಳೆನೀರು ಒರೆಸಿಕೊಂಡಳು. “ಮಗೂನ ಮೇಲೆ ತರಬೇಡ ಅಂತ ಕೈ ಮುಗಿದು ಹೇಳಿದ್ದೆ. ಇನ್ನು ನನ್ನ ಕೈಲಾಗಲ್ಲ. ಹೇಳ್ಬೇಕಾದ್ದು ನಿನಗೆ ಗೊತ್ತಲ್ಲ. ಹೇಳು. ಬೇಗ ಹೇಳು!”

ಮಗು ಅಳುತ್ತಿರಲಿಲ್ಲ. ಅಳಲು ಉಸಿರಿರಲಿಲ್ಲ. ತುಟಿ ಕಪ್ಪಾಗಿತ್ತು. ಮರದ ಬೆರಳುಗಳು ಕೂಸಿನ ಕಂಕುಳಲ್ಲಿ ತೂರಿದ್ದವು. ಕ್ವಿನ್‌ಳ ಬೆರಳುಗಳು ಅವುಗಳ ಮೇಲಿದ್ದವು. ತಣ್ಣಗೆ. ಒರಟು. ಇನ್ನೊಂದು ಸಲ ಎಳೆತ. ಇನ್ನೊಂದು ಕಿರುಗು.

ಕ್ವಿನ್ ಕೈ ಬಿಟ್ಟಳು.

“ನಂದಲ್ಲ,” ಎಂದಳು. ಮತ್ತೆ ಕೂಗಿ ಹೇಳಿದಳು. ಬೀದಿಯ ಎಲ್ಲ ಅಟ್ಟಗಳಿಗೂ ಕೇಳಿಸಿತು. “ನನ್ನ ಮಗು ಅಲ್ಲ ಇದು! ನಿಂದು! ತಗೋ! ಸಾಯಿಸ್ಬೇಡ, ಸಾಕು! ನಿನ್ನ ಮಗೂನ ನೀನು ಸಾಕು!”

ಮೊದಲು ಏನೂ ಆಗಲಿಲ್ಲ. ಮಳೆ ಸುರಿಯಿತು. ಆಮೇಲೆ ಕೂಸು ಅತ್ತಿತು. ಗಟ್ಟಿಯಾಗಿ, ತುಂಬಿದ ಎದೆಯಿಂದ. ಅಳು ಮೇಲಿನಿಂದ, ಸೂರಿನ ನೆತ್ತಿಯಿಂದ ಬರುತ್ತಿತ್ತು. ಕ್ವಿನ್ ಕಿಟಕಿಯ ಕೆಳಗೆ ಕುಸಿದಳು. ಜೋಗುಳ ಮತ್ತೆ ಶುರುವಾಯಿತು. ಅಳು ಕ್ರಮೇಣ ನಿಂತಿತು.

ನೆರೆ ಇಳಿದ ಮೇಲೆ ನೋಡಿದರೆ ಕಪ್ಪೆ ತೊಟ್ಟಿಲಲ್ಲಿ ನಿದ್ದೆ ಮಾಡುತ್ತಿತ್ತು. ಮೈಮೇಲೆ ಒಂದು ಗೀರೂ ಇರಲಿಲ್ಲ.

ಸುವಾಂಗ್ ಆ ಮನೆಗೆ ಮತ್ತೆ ಕಾಲಿಡಲಿಲ್ಲ. ದಾ ನಾಂಗ್‌ಗೆ ಹೋಗಿ ಟೈರಿನ ಅಂಗಡಿಯ ವಿಧುರನೊಬ್ಬನನ್ನು ಕಟ್ಟಿಕೊಂಡಳು. ಹೋಗುವ ಮುಂಚೆ ಅಮ್ಮನ ಗೋರಿಗೆ ಹೋಗಿ, “ಅಮ್ಮಾ, ಅಮ್ಮಾ” ಎಂದು ಗಂಟಲು ಹರಿಯುವಂತೆ ಕೂಗಿದಳಂತೆ. ಅವಳು ಕೆಟ್ಟವಳೇ? ನಮ್ಮ ಬೀದಿಯಲ್ಲಿ ಈ ಮಾತಿಗೆ ಇನ್ನೂ ಜಗಳವಾಗುತ್ತದೆ.

ಈಗ ಸಂಜೆಯ ಗಂಜಿ ಕ್ವಿನ್ ಇಡುತ್ತಾಳೆ. ಮಗು ಹಗಲು ಕೆಳಗೆ ಆಡುತ್ತದೆ, ಕತ್ತಲಾಗುವ ಮುಂಚೆ ತಾನಾಗಿ ಮೇಲೆ ಹೋಗುತ್ತದೆ. ಗಟ್ಟಿಮುಟ್ಟಾಗಿದೆ, ಒಂದು ನೆಗಡಿ ಕೂಡ ಬಂದದ್ದಿಲ್ಲ. ಕ್ವಿನ್‌ಳನ್ನು ಅದು ಚಿಕ್ಕಮ್ಮ ಎನ್ನುತ್ತದೆ.

ಮೊನ್ನೆ ನಾವು ಜಗಲಿಯಲ್ಲಿ ಕೂತು ಸೊಪ್ಪು ಬಿಡಿಸುತ್ತಿದ್ದೆವು. ಕಪ್ಪೆ ಓಡುತ್ತ ಬಂದು ಕಲ್ಲು ಎಡವಿ ಬಿತ್ತು. ಮಂಡಿ ಒಡೆದು ರಕ್ತ ಬಂತು. ತುಟಿ ಸೊಟ್ಟಗಾಯಿತು, ಕಣ್ಣು ತುಂಬಿತು. “ಅಮ್ಮಾ!” ಎಂದು ಕೂಗಿತು.

ಕ್ವಿನ್‌ಳ ಮಡಿಲಿನ ಸೊಪ್ಪೆಲ್ಲ ಚೆಲ್ಲಿತು. ಅವಳಿಗೇ ತಿಳಿಯದಂತೆ ಎದ್ದು ನಿಂತಿದ್ದಳು, ಎರಡು ಕೈಯೂ ಚಾಚಿಕೊಂಡು.

ಮಗು ಅವಳನ್ನು ದಾಟಿ ಒಳಗೆ ಓಡಿತು. ಮೆಟ್ಟಿಲ ಮೇಲೆ ಪುಟ್ಟ ಪಾದಗಳ ಸದ್ದು. ಮೇಲಿನಿಂದ, ಒಣಮರ ಸೀಳಿದಂಥ ದನಿಯಲ್ಲಿ ಯಾರೋ “ಓ...” ಎಂದರು.

ಕ್ವಿನ್ ಮೆಲ್ಲಗೆ ಕೈ ಇಳಿಸಿದಳು. ಕೂತು, ಚೆಲ್ಲಿದ ಸೊಪ್ಪನ್ನು ಒಂದೊಂದಾಗಿ ಆರಿಸಿಕೊಳ್ಳತೊಡಗಿದಳು.

“ಅವರಮ್ಮ ನೋಡ್ಕೋತಾರೆ ಬಿಡಿ,” ಎಂದಳು.